ಹುಲ್ಲೆಸಳಿನ ಸಂತೆ

ಏರ್‌ಪೋರ್ಟಿನಿಂದ ಸ್ವೋರ್ಡ್ಸ್

ನನಗೆ ಇಂಗ್ಲಿಷ್ ಬರುತ್ತದೆ ಎಂಬ ಧೈರ್ಯದ ಮೇಲೆ ನಾನು ಐರ್ಲೆಂಡಿಗೆ ಹೋದೆ. ಮೈಸೂರಿನ ಅಂಚೆ ಕಚೇರಿಯಲ್ಲಿ ಕೌಂಟರಿನ ಕಿಂಡಿಯ ಹಿಂದೆ ಕೂತು ನಿವೃತ್ತಳಾದವಳು ನಾನು. ಅರಮನೆ ನೋಡಲು ಬಂದ ಪರದೇಶದವರೆಲ್ಲ ಪಿಕ್ಚರ್ ಕಾರ್ಡಿಗೆ ಸ್ಟಾಂಪು ಕೇಳಿಕೊಂಡು ನನ್ನ ಕಿಂಡಿಗೇ ಬರುತ್ತಿದ್ದರು. ಜರ್ಮನಿಯವರ ಇಂಗ್ಲಿಷು, ಜಪಾನಿನವರ ಇಂಗ್ಲಿಷು ಎಲ್ಲವನ್ನೂ ಜೀರ್ಣಿಸಿಕೊಂಡವಳಿಗೆ ಇಂಗ್ಲಿಷನ್ನೇ ಆಡುವ ದೇಶದಲ್ಲಿ ಏನು ತೊಂದರೆ ಬಂದೀತು ಎಂದುಕೊಂಡಿದ್ದೆ. ಬಂದ ತೊಂದರೆಯೆಲ್ಲ ಅಲ್ಲಿಂದಲೇ ಬಂತು.

ನನ್ನ ತಂಗಿ ವೀಣಾ ಡಬ್ಲಿನ್ನಿನ ಬ್ಯೂಮಾಂಟಿನಲ್ಲಿರುವ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಅವಳನ್ನು ನೋಡಲು ಹೊರಟ ನನ್ನ ಟಿಕೆಟ್ಟು ಕೊರೊನಾದ ದೆಸೆಯಿಂದ ಎರಡು ಸಲ ಮುಂದಕ್ಕೆ ಹೋಗಿತ್ತು. 2022ರ ಬೇಸಿಗೆಯ ಹೊತ್ತಿಗೆ ಮಾಸ್ಕು ಜನರ ಮೂಗಿನಿಂದ ಗಲ್ಲಕ್ಕೂ ಗಲ್ಲದಿಂದ ಜೇಬಿಗೂ ಇಳಿದಿತ್ತು. ಕಾಯಿಲೆ ಮಾತ್ರ ಇನ್ನೂ ಊರು ಬಿಟ್ಟಿರಲಿಲ್ಲ. ನಮ್ಮ ಯಜಮಾನರಿಗೆ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕಾಲು ಮಡಚಿ ಕೂರಲಾಗದು. "ನೀನು ಹೋಗಿ ಬಾ, ನಾನು ಮನೆ ನೋಡ್ಕೋತೀನಿ" ಎಂದರು. ಮನೆ ನೋಡಿಕೊಳ್ಳುವುದು ಎಂದರೆ ಟೀವಿಯಲ್ಲಿ ಟೆನ್ನಿಸ್ ನೋಡುವುದು ಎಂದು ನನಗೆ ಗೊತ್ತಿಲ್ಲವೆ?

ವೀಣಾಳ ಗಂಡ ಗಿರೀಶ್ ನನ್ನನ್ನು ಎದುರುಗೊಳ್ಳಲು ಬಂದಿದ್ದರು. ಕಾರು ಗ್ಯಾರೇಜಿನಲ್ಲಿತ್ತು. ಅವರ ಮನೆಯಿರುವ ಸ್ವೋರ್ಡ್ಸ್ ವಿಮಾನ ನಿಲ್ದಾಣಕ್ಕೆ ಹತ್ತಿರವೇ ಆದ್ದರಿಂದ ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಸೌಜನ್ಯಕ್ಕೆಂದು ಡಬ್ಬಿ ತೆರೆದು ಕೋಡುಬಳೆ ಮುಂದೆ ಹಿಡಿದೆ.

"ಆಹ್, ಐ ಆಮ್ ಗ್ರ್ಯಾಂಡ್" ಎಂದರು ಅವರು.

ಮನುಷ್ಯ ತನ್ನನ್ನು ತಾನೇ ಭವ್ಯ ಎಂದು ಹೇಳಿಕೊಳ್ಳುತ್ತಾನಲ್ಲ ಎಂದು ಆಶ್ಚರ್ಯಪಟ್ಟು ಎರಡು ಕೋಡುಬಳೆ ಕೈಗೆ ಇಟ್ಟೆ. ಪಾಪ, ತಿಂದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆಗಲೂ "ಗ್ರ್ಯಾಂಡ್, ಗ್ರ್ಯಾಂಡ್" ಎಂದೇ ಕೆಮ್ಮಿದರು.

ಇಳಿದ ಮೇಲೆ ಗಿರೀಶ್ ನಗುತ್ತ ಹೇಳಿದರು. "ಅಕ್ಕ, ಇಲ್ಲಿ ಐ ಆಮ್ ಗ್ರ್ಯಾಂಡ್ ಅಂದ್ರೆ ನಂಗೆ ಬೇಡ ಅಂತ."

"ಬೇಡ ಅಂದ್ರೆ ಬೇಡ ಅನ್ನಕ್ಕೆ ಏನ್ರೀ ಇವರಿಗೆ?"

"ಈ ದೇಶದಲ್ಲಿ ಬೇಡ ಅನ್ನೋ ಮಾತೊಂದು ಬಿಟ್ಟು ಬೇರೆಲ್ಲಾ ಹೇಳ್ತಾರೆ ಅಕ್ಕ."

ಅದನ್ನು ಆಗಲೇ ಸೆರಗಿನಲ್ಲಿ ಗಂಟು ಹಾಕಿಕೊಳ್ಳಬೇಕಿತ್ತು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಕೂಗಿ ಥ್ಯಾಂಕ್ಸ್ ಹೇಳುವುದನ್ನು ನೋಡುತ್ತ ನಾನು ಅದನ್ನು ಮರೆತೆ. ನಮ್ಮ ಸಿಟಿ ಬಸ್ಸಿನಲ್ಲಿ ಹಾಗೆ ಕೂಗಿದರೆ ಡ್ರೈವರು ಏನೋ ಬಿಟ್ಟುಹೋಗಿದೆ ಎಂದು ಬ್ರೇಕ್ ಹಾಕಿಬಿಡುತ್ತಾನೆ.

ಮಹಡಿಯ ಪುಟ್ಟ ಕೋಣೆ

ಎರಡು ದಿನ ಚೆನ್ನಾಗಿದ್ದೆ. ಮೂರನೆಯ ಬೆಳಿಗ್ಗೆ ವೀಣಾ ಮಾಡಿದ ಸಾರಿಗೆ ಇಂಗಿನ ಒಗ್ಗರಣೆ ಬಿದ್ದರೂ ನನ್ನ ಮೂಗಿಗೆ ಸುದ್ದಿಯೇ ಮುಟ್ಟಲಿಲ್ಲ. ತಂಗಿ ನನ್ನ ಮುಖ ನೋಡಿದವಳೇ ಮೂಗಿಗೆ ಕಡ್ಡಿ ತುರುಕಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಆ ಪುಟ್ಟ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು.

"ಅಕ್ಕ, ಎರಡು ಗೆರೆ!"

"ಈ ವಯಸ್ಸಿನಲ್ಲಾ?" ಎಂದೆ. ಡಾಕ್ಟರಿಗೆ ನಗು ಬಂದರೂ ಕನಿಕರ ಬರಲಿಲ್ಲ. ಒಂದು ವಾರ ಮಹಡಿಯ ಪುಟ್ಟ ಕೋಣೆ ಎಂದು ತೀರ್ಪಾಯಿತು. ಊಟದ ತಟ್ಟೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಬರುತ್ತಿತ್ತು. ಬಾಗಿಲು ತಟ್ಟಿ ಅವಳು ಮೆಟ್ಟಿಲಿಳಿದ ಮೇಲೆ ನಾನು ಕೈಚಾಚಬೇಕು. ನಮ್ಮ ಅಜ್ಜಿಯ ಮಡಿಯನ್ನು ಗೇಲಿ ಮಾಡಿಕೊಂಡು ಬೆಳೆದವಳು ಈಗ ಅಜ್ಜಿಗಿಂತ ಮಡಿ. ನನ್ನ ಚಿಂತೆಯೆಲ್ಲ ಬಸ್ಸಿನಲ್ಲಿ ಕೋಡುಬಳೆ ತಿಂದ ಆ ಹಿರಿಯರದಾಗಿತ್ತು.

ಜ್ವರ ಒಂದೇ ದಿನಕ್ಕೆ ಬಿಟ್ಟಿತು. ಆಮೇಲೆ ಉಳಿದದ್ದು ನಾನು ಮತ್ತು ಒಂದು ಕಿಟಕಿ. ಆಯುಷ್ಯವೆಲ್ಲ ಕಿಂಡಿಯ ಹಿಂದೆ ಕಳೆದವಳಿಗೆ ಅದೇನೂ ಹೊಸದಲ್ಲ. ಕುರ್ಚಿ ಎಳೆದುಕೊಂಡು ಕೂತೆ.

ಕಿಟಕಿಯ ಕೆಳಗೆ ಒಂದು ಹಸಿರು ಮೈದಾನ, ಅದರ ಸುತ್ತ ಒಂದೇ ಅಚ್ಚಿನ ಮನೆಗಳು. ಮೈದಾನ ಎಲ್ಲ ಮನೆಯವರಿಗೂ ಸೇರಿದ್ದು. ಅದಕ್ಕೆ ಅವರು "ಗ್ರೀನ್" ಎನ್ನುತ್ತಾರೆ. ಡೆಕ್ಲನ್ ಎಂಬ ದಪ್ಪ ಮೀಸೆಯ ನೆರೆಯವರು ಹುಲ್ಲು ಕತ್ತರಿಸುವ ಯಂತ್ರದ ಮೇಲೆ ರಾಜಗಾಂಭೀರ್ಯದಿಂದ ಕೂತು ಅದನ್ನು ಸುತ್ತುತ್ತಿದ್ದರು. ಹಿಂದೆ ಪಟ್ಟೆ ಪಟ್ಟೆಯಾಗಿ ಹುಲ್ಲು ಮಲಗುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಹುಲ್ಲು ಮೊಣಕಾಲೆತ್ತರ ಬೆಳೆದು, ನಡುವೆ ಸೇವಂತಿಗೆಯ ಬಡ ತಂಗಿಯಂಥ ಬಿಳಿ ಹೂಗಳು ತೂಗುತ್ತಿದ್ದವು. ಅಲ್ಲಿಗೆ ಬಂದಾಗ ಡೆಕ್ಲನ್ ಯಂತ್ರ ತಿರುಗಿಸಿ, ಆ ಮೂಲೆಯನ್ನು ಸಾಲ ತೀರಿಸದವನನ್ನು ನೋಡುವಂತೆ ನೋಡಿ ಮುಂದೆ ಹೋಗುತ್ತಿದ್ದರು.

ಬೆಳಿಗ್ಗೆ ಬೆಳಿಗ್ಗೆ ಆ ಮೂಲೆಗೆ ಬರುತ್ತಿದ್ದವರು ಪಕ್ಕದ ಮನೆಯ ನೋರೀನ್. ಎಂಬತ್ತಕ್ಕೆ ಹತ್ತಿರದ ಹೆಂಗಸು. ರಾತ್ರಿಯುಡುಪಿನ ಮೇಲೆ ಕೋಟು, ಕೈಯಲ್ಲಿ ಚಹಾದ ಮಗ್ಗು. ಹೂಗಳ ಹತ್ತಿರ ನಿಂತು ನಿಧಾನವಾಗಿ ಕುಡಿಯುತ್ತಿದ್ದರು. ನನ್ನನ್ನು ಕಿಟಕಿಯಲ್ಲಿ ಕಂಡದ್ದೇ ತಡ, "ಹೇಗಿದ್ದೀಯಾ ಲವ್?" ಎಂದು ಕೂಗುತ್ತಿದ್ದರು. ಅಂಗಡಿಯವನಿಂದ ಹಿಡಿದು ನಾಯಿಯವರೆಗೆ ಅವರಿಗೆ ಎಲ್ಲರೂ ಲವ್. ಟೆನ್ನಿಸಿನಲ್ಲಿ ಲವ್ ಎಂದರೆ ಸೊನ್ನೆ ಎಂದು ನನಗೆ ಯಜಮಾನರ ದಯೆಯಿಂದ ಗೊತ್ತಿತ್ತು. ನಾನು ಎರಡನ್ನೂ ಸೇರಿಸಿಕೊಂಡು ಸಂತೋಷಪಟ್ಟೆ.

ನನಗೆ ಔಷಧಿ ಎಂದು ಅವರು ನಮ್ಮ ಬಾಗಿಲಿಗೆ ನಿಂಬೆ ಸೋಡಾ ಇಟ್ಟು ಹೋದರು. ಗ್ಯಾಸೆಲ್ಲ ಹೋಗುವವರೆಗೆ ಕಲಕಿ, ಬಿಸಿ ಮಾಡಿ ಕುಡಿಯಬೇಕಂತೆ. ನಾನು ಪ್ರತಿಯಾಗಿ ಮೆಣಸು ಜೀರಿಗೆ ಕಷಾಯದ ಪುಡಿ ಕಳಿಸಿದೆ. ಅವರದನ್ನು ನಾನು ಕುಡಿದೆ. ನನ್ನದನ್ನು ಕುಡಿದು ಅವರು ಗ್ರ್ಯಾಂಡ್ ಎಂದರಂತೆ. ಯಾವ ಗ್ರ್ಯಾಂಡ್ ಎಂದು ನಾನು ವಿಚಾರಿಸಲಿಲ್ಲ.

ಸಂತೆಯ ಪರಿಚಯ

ಆ ಕೋಣೆಯಲ್ಲಿ ನನಗೆ ಹೊತ್ತು ಹೋಗುವುದಿಲ್ಲವೆಂದು ಗಿರೀಶ್ ಒಂದು ಸಂಜೆ ಬಾಗಿಲ ಆಚೆ ಮೆಟ್ಟಿಲ ಮೇಲೆ ಕೂತು ಕೇಳಿದರು. "ಅಕ್ಕ, ಪ್ರೆಡಿಕ್ಷನ್ ಮಾರ್ಕೆಟ್ ಆಡ್ತೀರಾ?"

"ಜೂಜಾ?"

"ದುಡ್ಡಿಲ್ಲ ಅಕ್ಕ. ಹುಲ್ಲು."

ಮೊದಲ ಲಾಕ್‌ಡೌನಿನಲ್ಲಿ ಯಾರೂ ಯಾರ ಮನೆಗೂ ಹೋಗುವಂತಿಲ್ಲದಿದ್ದಾಗ ಗಿರೀಶ್ ಈ ಬೀದಿಗಾಗಿ ಒಂದು ಆಟ ಕಟ್ಟಿದ್ದರು. ಆ ವರ್ಷ ಪಂದ್ಯಗಳೇ ರದ್ದಾಗಿ, ಯಾರಿಗೂ ನೆನಪಿಲ್ಲದ ಹಳೆಯ ಪಂದ್ಯಗಳನ್ನು ಹಾಕಿಕೊಂಡು ಆಡಿದರಂತೆ. ಪ್ರತಿ ಬೇಸಿಗೆ, ಹುಲ್ಲಿನ ಅಂಗಳದ ಟೆನ್ನಿಸ್ ಪಂದ್ಯಗಳು ಶುರುವಾದಾಗ, ಮನೆಗೆ ನೂರು "ಎಸಳು" ಹಂಚುತ್ತಾರೆ. ಪಂದ್ಯದಲ್ಲಿ ಇಂಥವನು ಗೆಲ್ಲುತ್ತಾನೆ ಎನ್ನುವ ಚೀಟಿಯನ್ನು ಎಸಳು ಕೊಟ್ಟು ಕೊಳ್ಳಬೇಕು. ಅವನು ಗೆದ್ದರೆ ಒಂದು ಚೀಟಿಗೆ ನೂರು ಎಸಳು, ಸೋತರೆ ಚೀಟಿ ಕಸ. ಎಲ್ಲರೂ ಒಬ್ಬನನ್ನೇ ಬಯಸಿದರೆ ಅವನ ಬೆಲೆ ಏರುತ್ತದೆ, ಎದುರಾಳಿಯದು ಅಷ್ಟೇ ಇಳಿಯುತ್ತದೆ. ಎಪ್ಪತ್ತು ಎಸಳು ಬೆಲೆ ಎಂದರೆ ಅವನು ಗೆಲ್ಲುವುದು ನೂರಕ್ಕೆ ಎಪ್ಪತ್ತು ಖಂಡಿತ ಎಂದು ಬೀದಿಯ ನಂಬಿಕೆ. ಪಂದ್ಯ ನಡೆಯುತ್ತಿರುವಾಗಲೂ ಕೊಳ್ಳಬಹುದು, ಮಾರಬಹುದು. ಅರ್ಧ ಚೀಟಿ ಇಲ್ಲ, ಹೂಡಿದ್ದರಲ್ಲಿ ಚೀಟಿಗೆ ಸಾಲದೆ ಮಿಕ್ಕ ಚಿಲ್ಲರೆ ವಾಪಸು ಬರುವುದಿಲ್ಲ.

ನನಗೆ ತಕ್ಷಣ ಅರ್ಥವಾಯಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರಿಗೆ ಏನಾಗುತ್ತದೋ ಅದೇ ಇದು. ಬೆಳಿಗ್ಗೆ ಒಂದು ಬೆಲೆ, ನಾಲ್ಕು ಜನ ಮುಗಿಬಿದ್ದರೆ ಇನ್ನೊಂದು ಬೆಲೆ. ಹಬ್ಬ ಮುಗಿದ ಬೆಳಿಗ್ಗೆ ಅದೇ ಹೂವನ್ನು ಹಸುವಿಗೆ ಹಾಕುತ್ತಾರೆ.

ಬೇಸಿಗೆಯ ಕೊನೆಯ ಪಂದ್ಯ ಮುಗಿದಾಗ ಯಾರ ಬಳಿ ಹೆಚ್ಚು ಎಸಳಿದೆಯೋ ಅವರು ಒಂದು ವರ್ಷ ಗ್ರೀನಿನ ಒಡೆಯರು. ಹುಲ್ಲನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂಬುದು ಅವರ ಮಾತು. ಎಲ್ಲರಿಗಿಂತ ಕಡಿಮೆ ಉಳಿದವರು ಕತ್ತರಿಸಿದ ಹುಲ್ಲನ್ನು ಗುಡಿಸಬೇಕು. ಆಟ ನಡೆಸುವವರಾದ್ದರಿಂದ ಗಿರೀಶ್ ತಾವು ಆಡುವಂತಿಲ್ಲ. ಅವರ ಮನೆಯ ನೂರು ಎಸಳು ಪ್ರತಿ ವರ್ಷ ಹಾಗೆಯೇ ಒಣಗುತ್ತಿದ್ದವು. ಈ ಸಲ ಅವನ್ನು ನನಗೆ ಕೊಟ್ಟರು.

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೆ? ಆಯಿತು ಎಂದೆ. ವಿಷಯ ಫೋನಿನಲ್ಲಿ ಯಜಮಾನರಿಗೆ ಗೊತ್ತಾಗಿ, "ಮಾನವಾಗಿ ಪೋಸ್ಟಾಫೀಸಲ್ಲಿ ಕೆಲಸ ಮಾಡಿದೋಳು, ಐರ್ಲೆಂಡಿಗೆ ಹೋಗಿ ಜೂಜಿಗೆ ಬಿದ್ಯಾ?" ಎಂದರು. ಮರುಕ್ಷಣವೇ ದನಿ ತಗ್ಗಿಸಿ, "ಯಾರ ಮೇಲೆ ಹಾಕ್ತೀಯಾ?" ಎಂದು ಕೇಳಿದರು.

ಭಾನುವಾರ ಕೊನೆಯ ಪಂದ್ಯ. ಕಡಲಿನಾಚೆ, ಇಂಗ್ಲೆಂಡಿನ ಹುಲ್ಲಿನಂಗಳದಲ್ಲಿ. ಮೂರರಲ್ಲಿ ಎರಡು ಸೆಟ್ಟು ಗೆದ್ದವನದೇ ಪಂದ್ಯ. ಒಬ್ಬ ಎಡಗೈ ಆಟಗಾರ, ಗುಂಡು ಹಾರಿಸಿದಂತೆ ಸರ್ವ್ ಮಾಡುವವನು. ಅವನ ಬೆಲೆ ಎಪ್ಪತ್ತು. ಇನ್ನೊಬ್ಬ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಳ್ಳುವವನು, ಬೆಲೆ ಮೂವತ್ತು. ಟೋಪಿಯವನು ಪ್ರತಿ ಪಾಯಿಂಟಿನ ನಡುವೆ ತನ್ನಷ್ಟಕ್ಕೆ ಗೊಣಗುತ್ತಿದ್ದ. ನಮ್ಮ ಯಜಮಾನರದೂ ಅದೇ ಅಭ್ಯಾಸ. ನಾನು ಅವನೇ ನನ್ನವನು ಎಂದು ನಿಶ್ಚಯಿಸಿದೆ.

ಶನಿವಾರದ ಚಹಾ

ಶನಿವಾರ ಬೆಳಿಗ್ಗೆ ನೋರೀನ್ ಮೂಲೆಗೆ ಬಂದಾಗ ನಾನು ಕಿಟಕಿಯಿಂದ ಬಗ್ಗಿ ಕೇಳಿಯೇಬಿಟ್ಟೆ. ಕೇಳದೆ ಇರುವುದು ನಮ್ಮ ಊರಿನ ಅಭ್ಯಾಸವಲ್ಲ. "ದಿನಾ ಅಲ್ಲೇ ಯಾಕೆ ಚಹಾ ಕುಡೀತೀರಿ?"

ಅವರು ಮೊದಲು ಹವಾಮಾನದ ಬಗ್ಗೆ ಹೇಳಿದರು. ಆಮೇಲೆ ನನ್ನ ಮೂಗಿನ ಬಗ್ಗೆ ಕೇಳಿದರು. ಕೊನೆಗೆ ಹತ್ತಿರ ಬಂದು ದನಿ ಇಳಿಸಿ ಹೇಳಿದರು. ಆ ಹೂಗಳನ್ನು ಬಿತ್ತಿದ್ದು ಅವರ ಗಂಡ ಪ್ಯಾಟ್. ಬಸ್ ಓಡಿಸುತ್ತಿದ್ದವರು. ಮೊದಲ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತು ಬೇಸತ್ತು, ನಾಯಿ ಅಡ್ಡಾಡಿಸುವ ನೆಪದಲ್ಲಿ ಜೇಬಿನಿಂದ ಬೀಜ ಉದುರಿಸಿಕೊಂಡು ಬಂದಿದ್ದರಂತೆ. "ನಮ್ಮ ಹತ್ರ ನಾಯೀನೇ ಇರಲಿಲ್ಲ ಲವ್. ಬರೀ ಹಗ್ಗ ಹಿಡ್ಕೊಂಡು ಹೋಗಿದ್ರು."

ಮುಂದಿನ ಚಳಿಗಾಲದಲ್ಲಿ ಪ್ಯಾಟ್ ತೀರಿಕೊಂಡರು. ಚರ್ಚಿನೊಳಗೆ ಬೆರಳೆಣಿಕೆಯ ಜನರಿಗೆ ಮಾತ್ರ ಅವಕಾಶವಿದ್ದ ಕಾಲ. ಇಡೀ ಬೀದಿ ತಂತಮ್ಮ ಗೇಟಿನ ಮುಂದೆ ದೂರ ದೂರ ನಿಂತು, ಶವದ ಕಾರು ದಾಟುವಾಗ ಚಪ್ಪಾಳೆ ತಟ್ಟಿತಂತೆ. ಹೂಗಳು ಅದರ ಮುಂದಿನ ಬೇಸಿಗೆಯಲ್ಲಿ ಮೊದಲ ಸಲ ಅರಳಿದವು. ಅವುಗಳನ್ನು ಪ್ಯಾಟ್ ನೋಡಲೇ ಇಲ್ಲ. ಕೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೂಗು ಕಟ್ಟಿದ್ದವಳಿಗೆ ಅದನ್ನು ಮುಚ್ಚಿಕೊಳ್ಳುವುದು ಸುಲಭವಾಯಿತು.

ಈವರೆಗೆ ಗ್ರೀನಿನ ಒಡೆತನ ಮೂಲೆಮನೆಯ ಯುವ ದಂಪತಿಗಳದಾಗಿತ್ತು. ಅವರು ಆ ಮೂಲೆಯ ಗೋಜಿಗೆ ಹೋಗಬೇಡಿ ಎಂದಿದ್ದರು, ಹಾಗಾಗಿ ಹೂ ಉಳಿದಿತ್ತು. ಈ ಸಲ ಡೆಕ್ಲನ್ ಎಲ್ಲರಿಗಿಂತ ಮುಂದೆ. ಅವರ ಬಳಿ ಮುನ್ನೂರ ನಲವತ್ತು ಎಸಳು. ಕೊನೆಯ ಪಂದ್ಯದಲ್ಲಿ ಏನೂ ಹೂಡದೆ ಸುಮ್ಮನೆ ಕೂತಿದ್ದರೂ ಗೆಲ್ಲುವಂತಿದ್ದರು. ಗೆದ್ದರೆ ಈ ಗೋಡೆಯಿಂದ ಆ ಗೋಡೆಗೆ ಒಂದೇ ಸಮ ಕತ್ತರಿಸುತ್ತೇನೆ, ಮೂಲೆಯ ಕಳೆಯೂ ಸೇರಿ ಎಂದು ಸಾರಿದ್ದರು. ನೋರೀನ್ ಬಳಿ ಉಳಿದದ್ದು ತೊಂಬತ್ತು ಎಸಳು. ಅವರು ವಾರವಿಡೀ ಸೋಲುವ ಹುಡುಗರ ಮೇಲೆ ಕನಿಕರಪಟ್ಟು ಹೂಡಿದ್ದರು.

"ಡೆಕ್ಲನ್‌ಗೆ ಹೇಳಿಬಿಡಿ" ಎಂದೆ. "ಪ್ಯಾಟ್ ಹೂ ಅಂತ ಗೊತ್ತಾದ್ರೆ ಅವರು ಮುಟ್ಟಲ್ಲ."

"ಹೇಳಲ್ಲ. ನೀನೂ ಹೇಳಬಾರದು. ಕೇಳಿ ಪಡೆದ್ರೆ ಅದು ಅವನ ಉಪಕಾರ ಆಗುತ್ತೆ. ದಿನಾ ಅವನ ಉಪಕಾರದ ಪಕ್ಕ ನಿಂತು ನಾನು ಚಹಾ ಕುಡೀಬೇಕಾ? ಗೆದ್ದು ಪಡೆದ್ರೆ ಅದು ಬರೀ ಹೂ."

ನಮ್ಮ ಕಡೆ ಆಗಿದ್ದರೆ ಈ ಸುದ್ದಿ ಮಧ್ಯಾಹ್ನದೊಳಗೆ ಮೂರು ಬೀದಿ ದಾಟಿರುತ್ತಿತ್ತು. ನನ್ನ ನಾಲಿಗೆಯನ್ನು ಕಟ್ಟಿಹಾಕಿಕೊಂಡು ಮಾತು ಕೊಟ್ಟೆ.

ಅವರದೊಂದು ಉಪಾಯವಿತ್ತು. ಮೂವತ್ತರ ಬೆಲೆಯಲ್ಲಿ ಟೋಪಿಯವನ ಚೀಟಿ ಮೂರು ಬರುತ್ತವೆ. ಅವನು ಗೆದ್ದರೆ ಮುನ್ನೂರು ಎಸಳು, ಸಾಲದು. ಬೆಲೆ ಇಪ್ಪತ್ತೆರಡಕ್ಕೆ ಇಳಿದರೆ ನಾಲ್ಕು ಚೀಟಿ, ನಾನೂರು ಎಸಳು, ಡೆಕ್ಲನ್‌ಗಿಂತ ಮುಂದೆ. ಆದ್ದರಿಂದ ಟೋಪಿಯವನು ಮೊದಲು ಚೆನ್ನಾಗಿ ಸೋಲಬೇಕು, ಬೀದಿಯವರಿಗೆಲ್ಲ ಅವನ ಮೇಲೆ ನಂಬಿಕೆ ಹೋಗಬೇಕು. ಆಗ ಕೊಂಡು, ಆಮೇಲೆ ಅವನು ಗೆಲ್ಲಲಿ ಎಂದು ಪ್ರಾರ್ಥಿಸಬೇಕು. ತನ್ನವನೇ ಸೋಲಲಿ ಎಂದು ಹರಸುವ ಅಭಿಮಾನಿಯನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

"ನೀನೂ ಟೋಪಿಯವನ್ನೇ ಕೊಳ್ಳೋದಾದ್ರೆ, ನಾನು ಕೊಳ್ಳೋವರೆಗೂ ಸುಮ್ನಿರು ಲವ್. ನೀನು ಮೊದ್ಲೇ ಕೊಂಡ್ರೆ ಬೆಲೆ ಏರಿಬಿಡುತ್ತೆ."

ಅದಕ್ಕೂ ಮಾತು ಕೊಟ್ಟೆ.

ಆದರೂ ಮನಸ್ಸು ತಡೆಯಲಿಲ್ಲ. ಮಧ್ಯಾಹ್ನ ಡೆಕ್ಲನ್ ಕಿಟಕಿಯ ಕೆಳಗೆ ಬಂದಾಗ, ಕಾರಣವೊಂದನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. "ಗೆದ್ದ ಮೇಲೂ ಆ ಮೂಲೆಯನ್ನು ಹಾಗೇ ಬಿಡಿ ಸರ್, ನೋಡಲು ಚೆನ್ನಾಗಿದೆ."

ಡೆಕ್ಲನ್ ಬಾಯ್ತುಂಬ ನಕ್ಕು, "ಐ ವಿಲ್, ಯಾ!" ಎಂದರು.

ಇಷ್ಟು ಸುಲಭವೆ! ವೀಣಾ ಆಸ್ಪತ್ರೆಯಿಂದ ಬಂದು ತಟ್ಟೆ ಇಡುವಾಗ ಬಾಗಿಲ ಈಚೆಯಿಂದಲೇ ಬೀಗಿದೆ. "ಡೆಕ್ಲನ್ ಒಪ್ಪಿದ್ರು ಕಣೇ. ಐ ವಿಲ್ ಯಾ ಅಂದ್ರು."

ಆಚೆಯಿಂದ ತಟ್ಟೆ ಅಲುಗಿದ ಸದ್ದು ಬಂತು. ಅವಳು ನಗುತ್ತಿದ್ದಳು. "ಅಯ್ಯೋ ಅಕ್ಕಾ! ಬರೀ ಐ ವಿಲ್ ಅಂದ್ರೆ ಮಾಡ್ತೀನಿ ಅಂತ. ಐ ವಿಲ್, ಯಾ ಅಂದ್ರೆ ನನ್ನ ತಲೆ ಹೋದ್ರೂ ಮಾಡಲ್ಲ ಅಂತ."

"ಒಂದು 'ಯಾ'ಗೆ ಇಷ್ಟು ಅರ್ಥವಾ?"

"ನಾವೂ 'ಮಾಡ್ತೀನಿ ಮಾಡ್ತೀನಿ, ಕಾಯ್ಕೊಂಡಿರು' ಅನ್ನಲ್ವಾ? ಹ್ಞೂಂ, ಹಂಗೇ."

ಅಡ್ಡಗೋಡೆಯ ಮೇಲೆ ದೀಪ ಇಡುವ ಜನ ಎಂದು ಬೈದುಕೊಂಡು ಅನ್ನ ಕಲಸಿದೆ.

ಭಾನುವಾರ

ಭಾನುವಾರ ಮಧ್ಯಾಹ್ನ ನೋರೀನರ ಮನೆಯ ಕಿಟಕಿಯಿಂದ ವಯರು ಎಳೆದು ಗ್ರೀನಿನಲ್ಲಿ ಒಂದು ಡೇರೆಯ ಕೆಳಗೆ ಟೀವಿ ಇಟ್ಟರು. ಬೀದಿಯ ಜನ ಕುರ್ಚಿ ಹೊತ್ತು ಬಂದರು. ಬಿಸಿಲಿತ್ತು, ಆದರೂ ಎಲ್ಲರ ತೊಡೆಯ ಮೇಲೂ ರೇನ್‌ಕೋಟು. ಇಲ್ಲಿ ಸುರಿದ ಮಳೆ ಮುಂದೆ ಇಂಗ್ಲೆಂಡಿಗೆ ಹೋಗುತ್ತದಂತೆ. ಅದನ್ನು ಹೇಳುವಾಗ ಅವರಿಗೆಲ್ಲ ಒಂದು ಬಗೆಯ ತೃಪ್ತಿ.

ಮೇಲಿನಿಂದ ನನಗೆ ಟೀವಿ ಕಾಣುತ್ತಿರಲಿಲ್ಲ. ಫೋನಿನಲ್ಲಿ ಪಂದ್ಯ ಹಾಕಿಕೊಂಡೆ. ಅದರಲ್ಲೊಂದು ಫಜೀತಿ. ಟೀವಿಗಿಂತ ನನ್ನ ಫೋನು ಹಿಂದೆ ಓಡುತ್ತಿತ್ತು. ಕೆಳಗೆ ಜನ ಹೋ ಎಂದು ಕೂಗಿ, ಸುಮ್ಮನಾಗಿ, ಕುರುಕಲು ತಿನ್ನಲು ಶುರುಮಾಡಿದ ಮೇಲೆ ನನ್ನ ಫೋನಿನಲ್ಲಿ ಆಟಗಾರ ಚೆಂಡು ಮೇಲೆಸೆಯುತ್ತಿದ್ದ. ಎಲ್ಲ ಪಾಯಿಂಟಿನ ಫಲಿತಾಂಶವೂ ನನಗೆ ಮೊದಲೇ ಕಿವಿಗೆ ಬೀಳುತ್ತಿತ್ತು, ಆದರೆ ಯಾರಿಗೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಮೊದಲ ಸೆಟ್ಟನ್ನು ಟೋಪಿಯವನು ಹೇಳಿಕೊಟ್ಟಂತೆ ಸೋತ. ಆದರೆ ಹೋರಾಡಿ ಸೋತ. ಬೀದಿಯಲ್ಲಿ ಅವನಿಗೆ ಕರಗಿದವರು ಇದ್ದರು. ಬೆಲೆ ಇಪ್ಪತ್ತಾರಕ್ಕೆ ಇಳಿದು ಅಲ್ಲೇ ನಿಂತಿತು. ನೋರೀನ್ ಮಡಿಲಲ್ಲಿ ಫೋನು ಇಟ್ಟುಕೊಂಡು ಕದಲದೆ ಕೂತಿದ್ದರು. ಎರಡನೆಯ ಸೆಟ್ಟು ಶುರುವಾದದ್ದೇ ಟೋಪಿಯವನು ಚಿಗುರಿದ. ಬೆಲೆ ಇಪ್ಪತ್ತೆಂಟಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹಲುಬಿದೆ. ನೋರೀನರ ಬೆನ್ನು ಮೇಲಿನಿಂದಲೇ ಸಣ್ಣದಾದಂತೆ ಕಂಡಿತು.

ಅಷ್ಟರಲ್ಲಿ ನನ್ನ ಫೋನಿನಲ್ಲಿ ಟೋಪಿಯವನು ಹುಲ್ಲಿನ ಮೇಲೆ ಉದ್ದಕ್ಕೂ ಜಾರಿ ಬಿದ್ದು, ಬಿದ್ದಲ್ಲಿಂದಲೇ ಚೆಂಡನ್ನು ನೆಟ್ಟಿನಾಚೆ ಮೆಲ್ಲಗೆ ಇಳಿಸಿದ. ನಾನು ಚಪ್ಪಾಳೆ ತಟ್ಟುತ್ತ ಎದ್ದು ನಿಂತೆ. ಅದೇ ಗಳಿಗೆಯಲ್ಲಿ ಕೆಳಗಿನಿಂದ ಡೆಕ್ಲನ್ ತಲೆಯೆತ್ತಿ ಕೂಗಿದರು.

"ಯುವರ್ ಮ್ಯಾನ್ ಏನು ಆಡ್ತಿದ್ದಾನೆ ನೋಡಿದ್ರಾ! ನಿಮ್ಮ ಎಸಳು ಸುಮ್ನೆ ಒಣಗ್ತಿದೆಯಲ್ಲ, ಯುವರ್ ಮ್ಯಾನ್ ಮೇಲೆ ಹಾಕ್ಲಾ?"

ಯುವರ್ ಮ್ಯಾನ್. ನನ್ನ ಮನುಷ್ಯ. ನನ್ನ ಟೋಪಿಯವನು! ಎದುರು ಪಕ್ಷದ ಡೆಕ್ಲನ್ನೇ ಮೆಚ್ಚಿದ್ದಾರೆ ಎಂದು ಹೆಮ್ಮೆ ಉಕ್ಕಿತು.

"ಯೆಸ್, ಯೆಸ್! ಮೈ ಮ್ಯಾನ್ ಓನ್ಲಿ! ನೂರೂ ಹಾಕಿ!"

"ಗಿರೀಶ್, ಮೇಲಿನವರದು ನೂರೂ ಯುವರ್ ಮ್ಯಾನ್ ಮೇಲೆ!"

ಗಿರೀಶ್ ಲ್ಯಾಪ್‌ಟಾಪಿನಲ್ಲಿ ಟಕ್ಕೆಂದು ಒತ್ತಿದರು. ಬಾಯಿ ಮುಂದೆ ಓಡಿದ ಮೇಲೆ ನನ್ನ ಬುದ್ಧಿ ಏದುಸಿರು ಬಿಡುತ್ತ ಬಂತು. ನೋರೀನ್ ಇನ್ನೂ ಕೊಂಡಿಲ್ಲ! ನಾನು ಕೊಂಡರೆ ಬೆಲೆ ಏರುತ್ತದೆ! ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟವಳು ನಾನೇ ಅವರ ಹೂವಿನ ಬುಡಕ್ಕೆ ಕತ್ತರಿ ಇಟ್ಟೆನಲ್ಲ!

ನೋರೀನ್ ತಟಕ್ಕನೆ ತಲೆಯೆತ್ತಿ ನನ್ನ ಕಿಟಕಿಯನ್ನು ನೋಡಿದರು. ಆ ನೋಟ ತಡೆಯಲಾರದೆ ಪರದೆಯ ಹಿಂದೆ ಅಡಗಿದೆ. ಬೆಲೆ ನೋಡುವ ಧೈರ್ಯವೂ ಬರಲಿಲ್ಲ. ಮಂಚದ ಮೇಲೆ ಕೂತು, ಟೋಪಿಯವನು ಇನ್ನು ಗೆದ್ದರೂ ಒಂದೇ ಸೋತರೂ ಒಂದೇ ಎಂದುಕೊಳ್ಳುತ್ತ, ಆದರೂ ಅವನ ಪ್ರತಿ ಚೆಂಡಿಗೂ ಚಾಮುಂಡೇಶ್ವರಿಯನ್ನು ಕರೆಯುತ್ತಿದ್ದೆ. ಅವನು ಎರಡನೆಯ ಸೆಟ್ಟು ಗೆದ್ದ. ಮೂರನೆಯದರಲ್ಲಿ ನಡುವೆ ಮಳೆ ಬಂತು. ಒಣಹಾಕಿದ ಸಂಡಿಗೆಗೆ ನಮ್ಮ ಹೆಂಗಸರು ಓಡುವಂತೆ ಅಲ್ಲಿನ ಹುಡುಗರು ಅಂಗಳಕ್ಕೆ ಹೊದಿಕೆ ಎಳೆದುಕೊಂಡು ಓಡಿದರು. ಮತ್ತೆ ಆಟ ಶುರುವಾದಾಗ ಎಡಗೈಯವನ ಕಾಲು ಒದ್ದೆ ಹುಲ್ಲಿನಲ್ಲಿ ನಿಲ್ಲಲೇ ಇಲ್ಲ.

ಕೆಳಗೆ ಇದ್ದಕ್ಕಿದ್ದಂತೆ ಬೀದಿಯೇ ಹಾರಿಹೋಗುವಂಥ ಕೂಗು. ನನ್ನ ಫೋನಿನಲ್ಲಿ ಟೋಪಿಯವನು ಇನ್ನೂ ಬೆವರು ಒರೆಸಿಕೊಂಡು ಗೊಣಗುತ್ತಿದ್ದ. ಗಿರೀಶ್ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು.

"ಅಕ್ಕ! ನೋರೀನ್ ಗೆದ್ದುಬಿಟ್ರು! ನಾನೂರು!"

"ಅದೆಂಗ್ರೀ? ನಾನು ಟೋಪಿ ಬೆಲೆ ಏರಿಸಿಬಿಟ್ಟೆನಲ್ಲ?"

"ಏರಿಸೋದೇನು? ನೀವು ಹಾಕಿದ್ದು ಎಡಗೈಯವನ ಮೇಲೆ. ಅವನ ಬೆಲೆ ಮೇಲೆ ಹೋಯ್ತು, ಟೋಪಿಯವನದು ಇಪ್ಪತ್ತೆರಡಕ್ಕೆ ಬಿತ್ತು. ನೋರೀನ್ ಆ ಕ್ಷಣಕ್ಕೇ ಕಾಯ್ತಿದ್ರು, ನಾಲ್ಕೂ ಬಾಚ್ಕೊಂಡ್ರು. ನಿಮ್ಮ ನೂರು ಮಾತ್ರ ಸೊನ್ನೆ."

"ನಾನ್ಯಾವಾಗ ಎಡಗೈಯವನ ಮೇಲೆ ಹಾಕಿದೆ? ಯುವರ್ ಮ್ಯಾನ್ ಅಂದ್ರಲ್ಲ, ನನ್ನೋನು ಟೋಪಿಯವನು ತಾನೇ!"

ಹಿಂದೆಯೇ ಬಂದ ವೀಣಾ ಮೆಟ್ಟಿಲ ಮೇಲೆ ಕುಸಿದು ಕೂತಳು. ನಗು ತಡೆಯಲಾಗದೆ ಅವಳ ಮಾತು ತುಂಡು ತುಂಡಾಗಿ ಬಂತು. "ಅಕ್ಕಾ, ಇಲ್ಲಿ ಯುವರ್ ಮ್ಯಾನ್ ಅಂದ್ರೆ ನಿನ್ನೋನು ಅಲ್ಲ ಕಣೇ. ಬರೀ 'ಅವನು' ಅಂತ. ಟೀವೀಲಿ ಆಗಷ್ಟೇ ಎಡಗೈಯವನು ಒಂದು ಸರ್ವ್ ಹೊಡೆದಿದ್ದ, ಡೆಕ್ಲನ್ ಅವನ್ನ ಅಂದಿದ್ದು. ನಾನು ಬಂದ ಹೊಸದ್ರಲ್ಲಿ ಒಬ್ಳು ನರ್ಸು, ನಾಲ್ಕನೇ ಬೆಡ್ಡಲ್ಲಿ ಯುವರ್ ಮ್ಯಾನ್ ಕರೀತಿದ್ದಾನೆ ಅಂದ್ಳು. ನಾನು ಗಾಬರಿಯಾಗಿ, ಮೈ ಮ್ಯಾನ್ ಈಸ್ ಅಟ್ ಹೋಮ್ ಅಂದಿದ್ದೆ!"

ನಾನು ಕಿಟಕಿಗೆ ಓಡಿದೆ. ಕೆಳಗೆ ನೋರೀನ್ ಎದ್ದು ನಿಂತಿದ್ದರು. ಡೆಕ್ಲನ್ ಕೈಕಟ್ಟಿಕೊಂಡು ಅವರ ಅಪ್ಪಣೆಗೆ ಕಾಯುತ್ತಿದ್ದರು.

"ಎಲ್ಲಾ ನಿನ್ನಿಷ್ಟದ ಹಾಗೇ ಕತ್ತರಿಸು ಡೆಕ್ಲನ್" ಎಂದರು ನೋರೀನ್. "ಆ ಮೂಲೆ ಮಾತ್ರ ಬಿಡು."

"ಅದು ಬರೀ ಕಳೆ ನೋರೀನ್."

"ಅದು ಪ್ಯಾಟ್ ಹಾಕಿದ್ದು."

ಡೆಕ್ಲನ್ ತಲೆಯ ಮೇಲಿನ ಟೋಪಿ ತೆಗೆದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ?"

"ಖಂಡಿತ ಬಿಡ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ" ಎಂದರು ನೋರೀನ್. ಆಮೇಲೆ ಇಡೀ ಬೀದಿಗೆ ಕೇಳುವಂತೆ ನನ್ನ ಕಿಟಕಿಗೆ ಮಗ್ಗು ಎತ್ತಿ ಹಿಡಿದರು. "ಅವಳು ನೋಡಿ! ನನ್ನ ಬೆಲೆ ಇಳಿಸೋದಕ್ಕೆ ತನ್ನ ನೂರೂ ಎಸಳು ಸುಟ್ಕೊಂಡ್ಳು. ಎಂಥಾ ತಲೆ!"

ಬೀದಿಯೆಲ್ಲ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಡೆಕ್ಲನ್ ಬಗ್ಗಿ ಸಲಾಮು ಹೊಡೆದರು. ನಾನೇನು ಮಾಡಲಿ? ಕೈ ಮುಗಿದೆ.

ಹುಲ್ಲಿನ ಮೇಲೆ

ನನ್ನ ವಾರ ಮುಗಿದು, ಪಟ್ಟಿಯಲ್ಲಿ ಒಂದೇ ಗೆರೆ ಬಂದ ದಿನ ಬೀದಿಯಲ್ಲಿ ಎಲ್ಲರಿಗಿಂತ ಕಡಿಮೆ ಎಸಳಿದ್ದವಳು ನಾನೇ. ಸೊನ್ನೆಗಿಂತ ಕಡಿಮೆ ಯಾರ ಬಳಿ ಇದ್ದೀತು? ಗಿರೀಶರ ಮಳೆಬೂಟಿನೊಳಗೆ ಕಾಲಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಉದ್ದ ಹಿಡಿಯ ಹಲ್ಲಿನ ಪೊರಕೆ ಹಿಡಿದು ಗ್ರೀನಿಗೆ ಇಳಿದೆ. ಐರ್ಲೆಂಡಿನಲ್ಲಿ ನಾನು ನೋಡಿದ ಮೊದಲ ಪ್ರೇಕ್ಷಣೀಯ ಸ್ಥಳ ಅದು. ವೀಡಿಯೋದಲ್ಲಿ ನೋಡಿದ ಯಜಮಾನರು, "ಮನೇಲಿ ಅಂಗಳ ಗುಡಿಸಕ್ಕೆ ಸೊಂಟ ನೋವು ಅಂತಿದ್ದೆ" ಎಂದರು.

ಡೆಕ್ಲನ್ ಮೂಲೆಯ ಸುತ್ತ ಗೂಟ ನೆಟ್ಟು, ದಾರ ಕಟ್ಟಿದ್ದರು. ಯಂತ್ರವನ್ನು ತೊಟ್ಟಿಲ ಪಕ್ಕ ನಡೆಯುವವರಂತೆ ಮೆಲ್ಲಗೆ ಅದರ ಅಂಚಿನಲ್ಲಿ ತಿರುಗಿಸಿದರು. ಅವರು ದಾಟಿದ ಮೇಲೆ ಒಂದು ಹೂವು ದಾರದ ಹೊರಗೆ ಬಗ್ಗಿದ್ದು ಕಂಡು, ಯಂತ್ರ ನಿಲ್ಲಿಸಿ, ಇಳಿದು ಬಂದು ಅದನ್ನು ಒಳಗೆ ಸರಿಸಿದರು.

ನನಗೆ ಮೂಗು ವಾಪಸು ಬಂದಿತ್ತು. ಕತ್ತರಿಸಿದ ಹಸಿ ಹುಲ್ಲಿನ ವಾಸನೆ ತಲೆಗೇರಿ, ಇಡೀ ದೇಶವೇ ಆಗಷ್ಟೇ ತಲೆಗೆ ಸ್ನಾನ ಮಾಡಿ ಬಂದಂತೆ ಅನ್ನಿಸಿತು. ನೋರೀನ್ ಎರಡು ಮಗ್ಗು ಚಹಾ ತಂದು ಒಂದನ್ನು ನನಗೆ ಕೊಟ್ಟರು. ಸಲ್ಲದ ಹೊಗಳಿಕೆಯನ್ನು ಹೊತ್ತು ನಿಲ್ಲಲು ನನಗೆ ಸಂಕಟವಾಗುತ್ತಿತ್ತು. ಹೇಳಿಬಿಟ್ಟೆ. ನಾನೇನೂ ತ್ಯಾಗ ಮಾಡಿಲ್ಲ, ಯುವರ್ ಮ್ಯಾನ್ ಎಂದರೆ ನನ್ನವನು ಎಂದುಕೊಂಡೆ, ಮಾತು ಮುರಿದು ಟೋಪಿಯವನನ್ನು ಕೊಳ್ಳಲು ಹೋಗಿ ಎಡಗೈಯವನನ್ನು ಕೊಂಡೆ, ಎಲ್ಲ ಶುದ್ಧ ಪೆದ್ದುತನ, ದಯವಿಟ್ಟು ನಂಬಿ ಎಂದೆ.

ನೋರೀನ್ ಚಹಾ ಗುಟುಕರಿಸಿ, ಹೂಗಳನ್ನೇ ನೋಡುತ್ತ, ತುಟಿಯ ಅಂಚಿನಲ್ಲಿ ನಕ್ಕರು.

"ಐ ವಿಲ್, ಯಾ."

ಈ ಸಲ ಅರ್ಥ ಹೇಳಲು ನನಗೆ ತಂಗಿ ಬೇಕಾಗಲಿಲ್ಲ.

ಆಮೇಲೆ ನಾನು ಎಲ್ಲರಂತೆ ಕಡಲು ನೋಡಿದೆ, ಕೋಟೆ ನೋಡಿದೆ, ಊರಿನ ಇನ್ನೊಂದು ತುದಿಯ ಟಾಲಾದವರೆಗೆ ಟ್ರಾಮಿನಲ್ಲಿ ಹೋಗಿ ಬಂದೆ. ಬಸ್ಸಿಳಿಯುವಾಗ ಡ್ರೈವರನಿಗೆ ಎಲ್ಲರಿಗಿಂತ ಜೋರಾಗಿ ಥ್ಯಾಂಕ್ಸ್ ಹೇಳಿದೆ, ಪ್ಯಾಟ್‌ಗೂ ಸೇರಿಸಿ. ಕೋಡುಬಳೆಯ ಹಿರಿಯರು ಮಾತ್ರ ಮತ್ತೆ ಸಿಗಲಿಲ್ಲ.

ಹೊರಡುವ ಬೆಳಿಗ್ಗೆ ನೋರೀನ್ ಗೇಟಿಗೆ ಬಂದರು. ಕೈಯಲ್ಲಿ ಒಂದು ಸಣ್ಣ ಲಕೋಟೆ, ಒಳಗೆ ಬೀಜ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ ಎಂದು ಅವರಿಗೆ ವಿವರಿಸಿದೆ. ಅವರು ನನ್ನ ಕೈ ಹಿಡಿದುಕೊಂಡೇ ಕೇಳಿದರು.

"ಹಾಗಾದ್ರೆ ಮುಂದಿನ ವರ್ಷ ಹೂ ಬಿಡೋ ಹೊತ್ತಿಗೆ ಬರ್ತೀಯಾ ಲವ್?"

ನಾಲಿಗೆಯ ತುದಿಗೆ ಬಂದಿದ್ದ "ಯಾ" ಎಂಬ ಆ ಒಂದಕ್ಷರವನ್ನು ಹಲ್ಲು ಕಚ್ಚಿ ತಡೆದೆ.

"ಐ ವಿಲ್" ಎಂದೆ.